ಹೋಮರನ ‘ಒಡಿಸ್ಸಿ’ಯನ್ನ ಟೀವಿ ಸೀರೀಸ್ ಆಗಿ ಬರೆಯೋದು ಹೇಗೆ? ಸ್ಕ್ರಿಪ್ಟ್ ಬರೆಯೋರಿಗೆ ಹಂತ ಹಂತದ ಮಾರ್ಗದರ್ಶಿ

ಗ್ರೀಕ್ ಮಹಾಕಾವ್ಯ ಒಂದನ್ನ ಸೀರೀಸ್ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ ಕೇಳೋರು ಜಾಸ್ತಿ ಆಗಿದ್ದಾರೆ. ಕೇಳೋರಲ್ಲಿ ಎಷ್ಟೋ ಜನ ಮೊದಲ ಎಪಿಸೋಡನ್ನ ಆಗ್ಲೇ ಬರೆದಿಟ್ಟಿರ್ತಾರೆ, ಅದು ಟ್ರಾಯ್ ಪಟ್ಟಣ ಹೊತ್ತಿ ಉರಿಯೋದ್ರಿಂದ ಶುರುವಾಗುತ್ತೆ, ಎರಡನೇದ್ರಲ್ಲಿ ಒಕ್ಕಣ್ಣಿನ ರಾಕ್ಷಸ, ಮೂರನೇದ್ರಲ್ಲಿ ಮಾಟಗಾತಿ, ಐದನೇದ್ರ ಹೊತ್ತಿಗೆ ಕೈ ಖಾಲಿ. ಆಮೇಲೆ ಹೀರೋ ಮನೆ ಸೇರ್ತಾನೆ, ಒಂದು ಫೈಟ್, ಮುಗೀತು. ಹಾಗೆ ಬರೆದ್ರೆ ಏನು ಕಳ್ಕೋತೀರ ಅನ್ನೋದನ್ನೇ ಇಲ್ಲಿ ಹೇಳ್ತೀನಿ, ಜೊತೆಗೆ ಬೇರೆ ಥರ ಹೇಗೆ ಬರೀಬಹುದು ಅಂತಾನೂ. ಹಳೇ ಗ್ರೀಕ್ ಕವಿ ಹೋಮರನ ಹೆಸರಲ್ಲಿ ಎರಡು ಮಹಾಕಾವ್ಯ ಇವೆ: ಇಲಿಯಡ್ ಟ್ರಾಯ್ ಯುದ್ಧದ್ದು, ಒಡಿಸ್ಸಿ ಆ ಯುದ್ಧ ಮುಗಿಸಿ ಇಥಾಕಾ ದ್ವೀಪದ ತನ್ನ ಮನೆಗೆ ವಾಪಸ್ ಬರೋ ರಾಜ ಒಡಿಸಿಯಸ್‌ನದ್ದು. ಇಲಿಯಡ್ ಬಿಟ್ಟು ಒಡಿಸ್ಸಿಯನ್ನೇ ತಗೊಂಡಿದ್ದೀನಿ, ಯಾಕಂದ್ರೆ ಸೀರೀಸ್‌ಗೆ ಇದು ತಾನಾಗೇ ಒಗ್ಗುತ್ತೆ.

ಬೇಕಾಗೋದು ಇಷ್ಟೇ: ಓದೋಕೆ ಆಗೋ ಎರಡು ಅನುವಾದ, ಒಂದು ದೊಡ್ಡ ಚಾರ್ಟ್ ಹಾಳೆ ಅಥವಾ ಸ್ಪ್ರೆಡ್‌ಶೀಟ್, ಯಾವುದಾದ್ರೂ ಒಂದು ಸ್ಕ್ರೀನ್‌ಪ್ಲೇ ಸಾಫ್ಟ್‌ವೇರ್, ಮತ್ತೆ ತಾಳ್ಮೆ. ಗ್ರೀಕ್ ಭಾಷೆ ಬರ್ಲೇಬೇಕು ಅಂತೇನಿಲ್ಲ.

1. ಮೊದ್ಲು ಹಕ್ಕಿನ ವಿಷ್ಯ ಸರಿ ಮಾಡ್ಕೊಳ್ಳಿ

ಹೋಮರನಿಗೆ ಕಾಪಿರೈಟ್ ಇಲ್ಲ, ಅವನ ಅನುವಾದಕರಿಗೆ ಇದೆ. ಬಹಳ ಜನ ಎಡವೋದು ಇಲ್ಲೇ. ಇತ್ತೀಚಿನ ಒಂದು ಒಳ್ಳೆ ಇಂಗ್ಲಿಷ್ ಅನುವಾದ ಓದ್ತೀರ, ಅದರಲ್ಲಿರೋ ಒಂದು ಚೆಂದದ ಮಾತನ್ನ ಹಾಗೇ ಕನ್ನಡಕ್ಕೆ ತಂದು ಡೈಲಾಗ್ ಮಾಡ್ತೀರ, ಅಲ್ಲಿಗೆ ಅದು ಹೋಮರಂದಲ್ಲ, ಆ ಅನುವಾದಕರ ಸೊತ್ತು. ಭಾರತದ ಕಾನೂನಿನಲ್ಲಿ ಬರೆದೋರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ, ಅನುವಾದಕ್ಕೂ ಅದೇ ಲೆಕ್ಕ.

ಸೇಫ್ ದಾರಿ ಏನಂದ್ರೆ ಕೆಲಸ ಮಾಡೋಕೆ ಹಳೇ ಅನುವಾದ ಇಟ್ಕೊಳ್ಳೋದು. ಸ್ಯಾಮ್ಯುಯೆಲ್ ಬಟ್ಲರ್ 1900ರಲ್ಲಿ ತಂದ ಗದ್ಯಾನುವಾದ ಇದೆ, ಎ. ಟಿ. ಮರ್ರೆ 1919ರಲ್ಲಿ ಮಾಡಿದ್ದೂ ಇದೆ, ಎರಡೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಮರ್ರೆದು ಸಾಲು ಸಾಲಿಗೂ ಮೂಲದ ಹತ್ತಿರ ಇರೋದ್ರಿಂದ ಸೀನ್ ಎಲ್ಲಿದೆ ಅಂತ ಹುಡುಕೋಕೆ ಸುಲಭ. ಬಟ್ಲರ್ ಓದುವಾಗ ಒಂದು ಹುಷಾರು: ಅವನು ರೋಮನ್ ಹೆಸರುಗಳನ್ನ ಬಳಸ್ತಾನೆ. ಒಡಿಸಿಯಸ್ ಅಲ್ಲಿ ಯುಲಿಸೀಸ್, ದೇವತೆ ಅಥೀನಾ ಮಿನರ್ವಾ, ಸಮುದ್ರದ ದೇವರು ಪೊಸೈಡನ್ ನೆಪ್ಚೂನ್. ಎರಡೂ ಕಡೆಯಿಂದ ನೋಟ್ಸ್ ಮಾಡ್ಕೊಂಡು ಕೊನೆಗೆ ಒಂದೇ ದೇವತೆ ಎರಡು ಹೆಸರಲ್ಲಿ ಸ್ಕ್ರಿಪ್ಟಿನೊಳಗೆ ಓಡಾಡ್ತಿರೋದು ಮಾಮೂಲಿ ಎಡವಟ್ಟು. ಮೊದಲ ದಿನವೇ ಹೆಸರುಗಳ ಪಟ್ಟಿ ಮಾಡಿ, ಕನ್ನಡದಲ್ಲಿ ಕಾಗುಣಿತ ಫಿಕ್ಸ್ ಮಾಡಿ.

2. ಓದಿ, ಆಮೇಲೆ ದಿನದ ಲೆಕ್ಕ ಹಾಕಿ

ಒಡಿಸ್ಸಿಯಲ್ಲಿ 24 ಸರ್ಗ ಇವೆ, ಸುಮಾರು 12,100 ಸಾಲು. ಮೊದಲ ಸಲ ಸುಮ್ನೆ ಕಥೆ ಥರ ಓದಿ. ಎರಡನೇ ಸಲ ಓದುವಾಗ ಚಾರ್ಟ್ ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಸರ್ಗ, ಜಾಗ, ಯಾವ ದಿನ, ಈ ಕಥೆಯನ್ನ ಯಾರು ಹೇಳ್ತಿದ್ದಾರೆ. ಆ ನಾಲ್ಕನೇ ಕಾಲಂ ಮಾತ್ರ ಬಿಡ್ಬೇಡಿ.

ಲೆಕ್ಕ ಹಾಕಿದ್ಮೇಲೆ ಗೊತ್ತಾಗೋದು ಇದು. ಹತ್ತು ವರ್ಷ ಯುದ್ಧ, ಹತ್ತು ವರ್ಷ ಅಲೆದಾಟ ಅಂತ ನಾವು ಅಂದ್ಕೊಂಡಿರೋ ಕಾವ್ಯ ನಿಜಕ್ಕೂ ನಡೆಯೋದು ಸುಮಾರು 40 ದಿನದಲ್ಲಿ. ಮೊದಲ ನಾಲ್ಕು ಸರ್ಗದಲ್ಲಿ ಹೀರೋನೇ ಇಲ್ಲ, ಮಗ ಟೆಲಿಮಾಕಸ್ ಅಪ್ಪನ ಸುದ್ದಿ ಹುಡುಕ್ಕೊಂಡು ಹೋಗ್ತಾನೆ ಅಷ್ಟೆ. ಐದನೇ ಸರ್ಗದಲ್ಲಿ ಒಡಿಸಿಯಸ್ ಮೊದಲ ಸಲ ಕಾಣಿಸಿಕೊಳ್ಳೋದೂ ಕತ್ತಿ ಹಿಡ್ಕೊಂಡಲ್ಲ, ಅವನನ್ನ ಹಿಡಿದಿಟ್ಟುಕೊಂಡಿರೋ ದೇವತೆ ಕ್ಯಾಲಿಪ್ಸೊಳ ದ್ವೀಪದ ದಡದಲ್ಲಿ ಕೂತು ಸಮುದ್ರ ನೋಡ್ತಾ ಅಳ್ತಾ ಇರ್ತಾನೆ, ಅಲ್ಲಿಗೆ ಬಂದು ಏಳು ವರ್ಷ ಆಗಿರುತ್ತೆ. ಒಕ್ಕಣ್ಣಿನ ರಾಕ್ಷಸ ಸೈಕ್ಲೋಪ್ಸ್, ಮಾಟಗಾತಿ ಸರ್ಸಿ, ಹಾಡಿ ನಾವಿಕರನ್ನ ಸೆಳೆಯೋ ಸೈರನ್‌ಗಳು, ಪಾತಾಳ ಎಲ್ಲಾ 9ರಿಂದ 12ರವರೆಗಿನ ನಾಲ್ಕೇ ಸರ್ಗದಲ್ಲಿ ಮುಗಿದುಹೋಗುತ್ತೆ, ಇಡೀ ಕಾವ್ಯದ ಐದನೇ ಒಂದು ಪಾಲೂ ಆಗಲ್ಲ, ಅದೂ ಒಡಿಸಿಯಸ್ ತಾನೇ, ದಾರಿಯಲ್ಲಿ ಆಸರೆ ಕೊಟ್ಟ ಫಿಯೇಷಿಯನ್ನರು ಅನ್ನೋ ಜನರ ಅರಮನೆಯಲ್ಲಿ ಊಟ ಆದ್ಮೇಲೆ ಕೂತು ಹೇಳೋ ಕಥೆ. 13ರಿಂದ 24, ಅಂದ್ರೆ ಸರ್ಗದ ಲೆಕ್ಕದಲ್ಲಿ ಸರಿಯಾಗಿ ಅರ್ಧ ಕಾವ್ಯ, ಬಹುಪಾಲು ಇಥಾಕಾದಲ್ಲೇ ನಡೆಯುತ್ತೆ: ಭಿಕ್ಷುಕನ ವೇಷದಲ್ಲಿ ತನ್ನ ಮನೆಗೆ ತಾನೇ ಬಂದೋನು, ಯಾರು ನನ್ನೋರು ಯಾರು ಅಲ್ಲ ಅಂತ ಪರೀಕ್ಷೆ ಮಾಡ್ತಾ ಕೂರೋದು.

ಒಂದು ಮನೆ, ಬಾಗಿಲಲ್ಲಿ ಒಡಿಸಿಯಸ್ ಸತ್ತ ಅಂದ್ಕೊಂಡು ಅವನ ಹೆಂಡತಿಯನ್ನ ಮದುವೆ ಆಗೋಕೆ ಬಂದು ಕೂತಿರೋ 108 ಜನ ಬಿಟ್ಟಿ ಊಟದ ವರಗಳು, ಒಳಗೆ ಮಗ್ಗದ ಮುಂದೆ ಕೂತು ಟೈಮ್ ತಳ್ತಿರೋ ಹೆಂಡತಿ ಪೆನೆಲೊಪಿ, ಮೀಸೆ ಚಿಗುರ್ತಿರೋ ಮಗ, ಗುಟ್ಟು ಬಚ್ಚಿಟ್ಕೊಂಡಿರೋ ಆಳುಗಳು. ಟೀವಿಗೆ ಇದಕ್ಕಿಂತ ಇನ್ನೇನು ಬೇಕು? ರಾಕ್ಷಸರನ್ನ ಸಿನಿಮಾದೋರಿಗೆ ಬಿಡಿ.

ಇನ್ನೊಂದು ಮಾತು. ಚಾರ್ಟ್ ಮಾಡುವಾಗ ಏನು ಈ ಕಾವ್ಯದಲ್ಲಿ ಇದೆ ಏನು ಇಲ್ಲ ಅನ್ನೋದನ್ನೂ ಗುರುತು ಹಾಕಿ. ಟ್ರಾಯ್‌ನ ಮರದ ಕುದುರೆ ಇಲಿಯಡ್‌ನಲ್ಲಿ ಬರಲ್ಲ, ಆ ಕಾವ್ಯ ಟ್ರಾಯ್‌ನ ವೀರ ಹೆಕ್ಟರನ ಶವಸಂಸ್ಕಾರಕ್ಕೇ ಮುಗಿಯುತ್ತೆ; ಕುದುರೆ ಕಥೆ ಬರೋದು ಒಡಿಸ್ಸಿಯಲ್ಲಿ, ಪಾತ್ರಗಳು ನೆನಪು ಮಾಡ್ಕೊಂಡು ಹೇಳೋ ಹಾಗೆ. ಗ್ರೀಕ್ ವೀರ ಅಕಿಲೀಸ್ ಹಿಮ್ಮಡಿಗೆ ಬಾಣ ಬಿದ್ದು ಸಾಯೋ ಕಥೆ ಎರಡರಲ್ಲೂ ಇಲ್ಲ.

3. ಯಾವ ಆರ್ಡರ್‌ನಲ್ಲಿ ಹೇಳ್ತೀರ ಅಂತ ತೀರ್ಮಾನ ಮಾಡಿ

ನೀವು ತಗೊಳ್ಳೋ ದೊಡ್ಡ ನಿರ್ಧಾರ ಇದೇ, ಬಾಕಿ ಎಲ್ಲಾ ಇದರ ಮೇಲೆ ನಿಂತಿರುತ್ತೆ.

ದಾರಿ ಎರಡು. 1997ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್‌ಗೆ ಆಂದ್ರೇಯ್ ಕೊಂಚಲೋವ್‌ಸ್ಕಿ ಮಾಡಿದ ಎರಡು ಭಾಗದ ಮಿನಿಸೀರೀಸ್ ಕಥೆಯನ್ನ ನೆಟ್ಟಗೆ ಕಾಲಕ್ರಮದಲ್ಲಿ ಹೇಳುತ್ತೆ, ಟೆಲಿಮಾಕಸ್ ಹುಟ್ಟೋದ್ರಿಂದ ಶುರು, ಅಲ್ಲಿಂದ ಯುದ್ಧ, ಅಲ್ಲಿಂದ ಸಮುದ್ರ. ಡೈರೆಕ್ಷನ್‌ಗೆ ಎಮ್ಮಿ ಪ್ರಶಸ್ತಿ ಬಂತು, ನೋಡೋಕೂ ಚೆನ್ನಾಗಿದೆ. 1968ರಲ್ಲಿ ಇಟಲಿಯ ರಾಯ್ ಟೀವಿಗೆ ಫ್ರಾಂಕೊ ರೋಸ್ಸಿ ಮಾಡಿದ ಸೀರೀಸ್ ಬೇರೆ ದಾರಿ ಹಿಡೀತು, ಅದು ಹೋಮರನ ಜೋಡಣೆಗೇ ಹತ್ತಿರ ಇದೆ, ಅಲೆದಾಟದ ಕಥೆ ಫಿಯೇಷಿಯನ್ನರ ಮುಂದೆ ನೆನಪಾಗಿ ಬರುತ್ತೆ. ಅದರಲ್ಲಿ ಎಪಿಸೋಡಿನ ಶುರುವಿನಲ್ಲಿ ಕವಿ ಜುಸೆಪ್ಪೆ ಉಂಗರೆಟ್ಟಿ ಕೂತು ಸಾಲುಗಳನ್ನ ಓದ್ತಾರೆ, ಕಾವ್ಯ ಕಿವಿಗಾಗಿ ಹುಟ್ಟಿದ್ದು ಅನ್ನೋದನ್ನ ಮರೀದಂಗೆ ಮಾಡೋಕೆ ಅದಕ್ಕಿಂತ ಅಗ್ಗದ ಉಪಾಯ ಇಲ್ಲ.

ನನ್ನ ಸಲಹೆ ಎರಡನೇ ದಾರಿ. ಕಾರಣ ಕಲೆ ಒಂದೇ ಅಲ್ಲ, ಲೆಕ್ಕಾಚಾರವೂ ಇದೆ. ನೇರ ಕ್ರಮದಲ್ಲಿ ಹೇಳಿದ್ರೆ ದುಬಾರಿ ಸೀನ್‌ಗಳೆಲ್ಲಾ ಮೊದಲೇ ಬಂದುಬಿಡುತ್ತೆ, ಆಮೇಲಿನ ಅರ್ಧ ಬರೀ ಮಾತು ಅನ್ನಿಸುತ್ತೆ. ಹೋಮರನ ಕ್ರಮದಲ್ಲಿ ಮೊದಲೇ ಮನೆಯ ಪರಿಸ್ಥಿತಿ ಗೊತ್ತಾಗಿರುತ್ತೆ, ಹಾಗಾಗಿ ಅವನು ಸಮುದ್ರದಲ್ಲಿ ಎಲ್ಲೇ ತಡ ಮಾಡಿದ್ರೂ ನೋಡೋರಿಗೆ ಕಳವಳ. ಇನ್ನೊಂದು, ಅಲೆದಾಟದ ಕಥೆ ಹೇಳ್ತಿರೋನು ಒಡಿಸಿಯಸ್. ಅವನು ಸುಳ್ಳು ಹೇಳೋದ್ರಲ್ಲಿ ನಿಸ್ಸೀಮ. ಇಥಾಕಾಗೆ ಬಂದ್ಮೇಲೆ ಅಥೀನಾಗೆ, ಹಂದಿ ಕಾಯೋ ಯೂಮಿಯಸ್‌ಗೆ, ಕೊನೆಗೆ ಹೆಂಡತಿಗೂ ನಾನು ಕ್ರೀಟ್ ದ್ವೀಪದೋನು ಅಂತ ಒಂದೊಂದು ಥರ ಕಥೆ ಕಟ್ಟಿ ಹೇಳ್ತಾನೆ. ಅಂಥೋನು ಹೇಳಿದ ಸೈಕ್ಲೋಪ್ಸ್ ಕಥೆ ಎಷ್ಟು ನಿಜ? ಈ ಅನುಮಾನವನ್ನ ಕ್ಯಾಮೆರಾ ಸ್ವಲ್ಪ ಸ್ವಲ್ಪ ಉಳಿಸ್ಕೊಂಡ್ರೆ ಸಾಕು, ಪೂರ್ತಿ ‘ಎಲ್ಲಾ ಸುಳ್ಳು’ ಅಂತ ಟ್ವಿಸ್ಟ್ ಕೊಡೋಕೆ ಹೋಗ್ಬೇಡಿ.

ಮೂರನೇ ದಾರಿಯೂ ಒಂದು ಇದೆ ಅನ್ನಿ, ಇಡೀ ಕಥೆಯನ್ನ ನಮ್ಮ ನೆಲಕ್ಕೆ ತರೋದು. ಬಿಎಂಶ್ರೀ 1929ರಲ್ಲಿ ಗ್ರೀಕ್ ನಾಟಕಕಾರ ಸೊಫೊಕ್ಲೀಸನ ಏಜಾಕ್ಸ್ ನಾಟಕವನ್ನ ಮಹಾಭಾರತದ ಅಶ್ವತ್ಥಾಮನ ಮೇಲೆ ಕೂರಿಸಿ ‘ಅಶ್ವತ್ಥಾಮನ್’ ಬರೆದ್ರು. ಅದು ಬೇರೆಯದೇ ಕಸುಬು, ಈ ಗೈಡ್‌ನಲ್ಲಿ ಗ್ರೀಸ್‌ನಲ್ಲೇ ಇರೋಣ.

4. ಎಪಿಸೋಡ್ ಹಂಚಿಕೆ

50 ನಿಮಿಷದ 8 ಎಪಿಸೋಡ್ ಅಂತ ಇಟ್ಕೊಂಡು ನಾನು ಹೀಗೆ ಹಂಚ್ತೀನಿ. ಮೊದಲನೇದು ಪೂರ್ತಿ ಇಥಾಕಾ, ವರಗಳ ದೌಲತ್ತು, ಮದುವೆ ಮುಂದೂಡೋಕೆ ಪೆನೆಲೊಪಿ ಹಗಲು ನೇಯ್ದು ರಾತ್ರಿ ಬಿಚ್ಚಿದ ಬಟ್ಟೆ, ರಾತ್ರೋರಾತ್ರಿ ಟೆಲಿಮಾಕಸ್‌ನ ಹಡಗು ಹೊರಡೋದು. ಎರಡನೇದು ಟೆಲಿಮಾಕಸ್ ಅಪ್ಪನ ಸುದ್ದಿ ಕೇಳೋಕೆ ಹೋಗೋ ಪೈಲೊಸ್, ಸ್ಪಾರ್ಟಾ, ಈ ಕಡೆ ಅವನನ್ನ ಕೊಲ್ಲೋಕೆ ವರಗಳು ದ್ವೀಪದ ಮರೆಯಲ್ಲಿ ಹೊಂಚು ಹಾಕೋದು, ಕೊನೇ ಶಾಟ್ ದಡದಲ್ಲಿ ಅಳ್ತಿರೋ ಅಪ್ಪ. ಮೂರು: ತೆಪ್ಪ, ಬಿರುಗಾಳಿ, ಫಿಯೇಷಿಯನ್ನರ ರಾಜಕುಮಾರಿ ನೌಸಿಕಾ, ಕುರುಡ ಗಾಯಕ ಡೆಮೊಡೊಕಸ್ ಟ್ರಾಯ್ ಹಾಡು ಹಾಡಿದಾಗ ಅತಿಥಿ ಮುಖ ಮುಚ್ಕೊಂಡು ಅಳೋದು, ‘ನಾನೇ ಒಡಿಸಿಯಸ್’. ನಾಲ್ಕು ಮತ್ತೆ ಐದು ಅಲೆದಾಟ. ಆರು: ಇಥಾಕಾ, ಯೂಮಿಯಸ್‌ನ ಗುಡಿಸಲು, ಅಪ್ಪ ಮಗ ಸೇರೋದು. ಏಳು: ಭಿಕ್ಷುಕ ಅರಮನೆಯೊಳಗೆ. ಎಂಟು: ಬಿಲ್ಲಿನ ಸ್ಪರ್ಧೆ, ವರಗಳ ಕೊಲೆ, ಗಂಡನನ್ನ ಹೆಂಡತಿ ಪರೀಕ್ಷೆ ಮಾಡೋ ಮಂಚದ ಸೀನ್.

ಎಂಟನೇದು ತುಂಬಾ ಭಾರ ಆಗುತ್ತೆ. ಒಂಬತ್ತು ಎಪಿಸೋಡ್ ಕೊಡ್ತೀವಿ ಅಂದ್ರೆ ಕೊಲೆಗೂ ಮಂಚದ ಸೀನ್‌ಗೂ ನಡುವೆ ಕತ್ತರಿಸಿ, ಇಬ್ಬರು ಇಪ್ಪತ್ತು ವರ್ಷದ ಮೇಲೆ ಎದುರುಬದುರು ಕೂತು ಮಾತಾಡದೇ ಇರೋದಕ್ಕೆ ಜಾಗ ಸಿಗುತ್ತೆ.

ಡೈಲಿ ಸೀರಿಯಲ್ ಫಾರ್ಮ್ಯಾಟ್‌ಗೆ ಎಳೀಬಹುದಾ ಅಂತ ಕೇಳ್ತಾರೆ. 1987–88ರ ಟೀವಿ ರಾಮಾಯಣ 78 ಎಪಿಸೋಡ್ ಹೋಯ್ತು, ಮಹಾಭಾರತ 94. ಅವುಗಳಲ್ಲಿ ಪಾತ್ರಗಳೂ ಉಪಕಥೆಗಳೂ ಅಷ್ಟಿವೆ. ಒಡಿಸ್ಸಿಯಲ್ಲಿ ಇಲ್ಲ. ಎಳೆದ್ರೆ ಹರಿಯುತ್ತೆ.

5. ದೇವರುಗಳನ್ನ ಹೇಗೆ ತೋರಿಸೋದು

ಗ್ರೀಕ್ ಕಥೆ ಅಂದ ತಕ್ಷಣ ಮೋಡದ ಮೇಲೆ ಬಿಳಿ ಬಟ್ಟೆ ಹಾಕ್ಕೊಂಡು ಕೂತಿರೋ ದೇವರುಗಳ ಮೀಟಿಂಗ್ ಬರೆಯೋ ಆಸೆ ಆಗುತ್ತೆ. ಒಂದೇ ಒಂದು ಸಲ ಬರೀರಿ, ಅಥವಾ ಬರೀಲೇಬೇಡಿ. ಈ ಕಥೆಗೆ ಬೇಕಾಗಿರೋದು ಇಬ್ಬರು: ಕಾಯೋ ಅಥೀನಾ, ಕಾಡೋ ಪೊಸೈಡನ್. ಪೊಸೈಡನ್‌ಗೆ ಸಮುದ್ರವೇ ಮುಖ, ಆಕ್ಟರ್ ಬೇಡ.

ಅಥೀನಾ ಕಷ್ಟ. ಅವಳು ಒಂದು ಸಲ ಟಾಫಿಯನ್ನರ ಯಜಮಾನ ಮೆಂಟಿಸ್ ಆಗಿ ಬರ್ತಾಳೆ, ಇನ್ನೊಂದು ಸಲ ಮುದುಕ ಮೆಂಟರ್, ಮತ್ತೊಂದು ಸಲ ಕೊಡ ಹೊತ್ತ ಹುಡುಗಿ, ಕುರಿ ಕಾಯೋ ಹುಡುಗ. ಒಬ್ಬಳೇ ನಟಿಗೆ ಮೇಕಪ್ ಬದಲಾಯಿಸಿ ಮಾಡಿಸಿದ್ರೆ ಕಾಮಿಡಿ ಆಗೋ ಅಪಾಯ ಇದೆ, ಬೇರೆ ಬೇರೆ ನಟರನ್ನೇ ಹಾಕಿ. ಹಾಗಿದ್ರೆ ಇವಳೇ ಅಥೀನಾ ಅಂತ ತಿಳಿಯೋದು ಹೇಗೆ? ಉತ್ತರ 16ನೇ ಸರ್ಗದಲ್ಲೇ ಇದೆ. ಯೂಮಿಯಸ್‌ನ ಗುಡಿಸಲ ಬಾಗಿಲಲ್ಲಿ ಅವಳು ಬಂದು ನಿಂತಾಗ ಟೆಲಿಮಾಕಸ್‌ಗೆ ಕಾಣಿಸಲ್ಲ, ಒಡಿಸಿಯಸ್‌ಗೆ ಕಾಣುತ್ತೆ, ನಾಯಿಗಳಿಗೂ ಕಾಣುತ್ತೆ. ನಾಯಿಗಳು ಬೊಗಳಲ್ಲ, ಕುಂಯ್‌ಗುಟ್ಕೊಂಡು ಅಂಗಳದ ಆ ಕಡೆಗೆ ಮುದುರ್ಕೊಂಡು ಹೋಗ್ತವೆ. ಇಷ್ಟು ಸಾಕು. ಮೊದಲ ಎಪಿಸೋಡಿನಿಂದಲೇ ಅವಳು ಬಂದಾಗೆಲ್ಲಾ ಪ್ರಾಣಿಗಳನ್ನ ಹೀಗೆ ತೋರಿಸಿ, ಮೂರನೇ ಸಲಕ್ಕೆ ನೋಡೋರೇ ಹೇಳ್ತಾರೆ. ಗ್ರಾಫಿಕ್ಸ್ ದುಡ್ಡೂ ಉಳೀತು.

6. ಒಂದು ಸೀನನ್ನ ಕೈಗೆತ್ತಿಕೊಂಡು ಬರೆದು ನೋಡಿ

ಇಡೀ ಸ್ಕ್ರಿಪ್ಟಿಗೆ ಇಳಿಯೋಕ್ಕೆ ಮುಂಚೆ 19ನೇ ಸರ್ಗದ ಗಾಯದ ಗುರುತಿನ ಸೀನ್ ಬರೀರಿ. ಇದು ಬಂದ್ರೆ ಉಳಿದಿದ್ದು ಬರುತ್ತೆ.

ಮೂಲದಲ್ಲಿ ಹೀಗಿದೆ: ಒಡಿಸಿಯಸ್‌ನ ಎತ್ತಿ ಆಡಿಸಿದ ಮುದುಕಿ ಯೂರಿಕ್ಲಿಯಾ ಈ ಭಿಕ್ಷುಕನ ಕಾಲು ತೊಳೀತಿರ್ತಾಳೆ, ಮಂಡಿ ಮೇಲಿನ ಹಳೇ ಗಾಯ ಕೈಗೆ ಸಿಗುತ್ತೆ. ಸರಿಯಾಗಿ ಆ ಕ್ಷಣದಲ್ಲಿ ಹೋಮರ ಕಥೆ ನಿಲ್ಲಿಸಿ ಆ ಗಾಯ ಹೇಗಾಯ್ತು ಅಂತ ಎಪ್ಪತ್ತು ಚಿಲ್ಲರೆ ಸಾಲು ಹೇಳ್ತಾನೆ, ಹುಡುಗನಾಗಿದ್ದಾಗ ತಾತ ಆಟೊಲಿಕಸ್‌ನ ಊರಿಗೆ ಹೋಗಿ ಪಾರ್ನಾಸಸ್ ಬೆಟ್ಟದಲ್ಲಿ ಕಾಡುಹಂದಿ ಬೇಟೆ ಆಡಿದ್ದು. ಆಮೇಲೆ ಮತ್ತೆ ಬೋಗುಣಿ ಹತ್ತಿರ ಬರ್ತಾನೆ. ಕಿವಿಯಲ್ಲಿ ಕೇಳೋರಿಗೆ ಇದು ಚೆನ್ನ. ಪರದೆ ಮೇಲೆ ಇಲ್ಲಿ ಫ್ಲಾಶ್‌ಬ್ಯಾಕ್ ಹಾಕಿದ್ರೆ ಸೀನ್ ಸತ್ತುಹೋಗುತ್ತೆ. ಹಾಗಾಗಿ ಹಂದಿ ಬೇಟೆಯನ್ನ ಮೊದಲ ಎಪಿಸೋಡಿಗೇ ಸಾಗಿಸಿ. ಅಲ್ಲಿ ಟೆಲಿಮಾಕಸ್ ಯಾರಿಗೂ ಗೊತ್ತಾಗದಂಗೆ ಉಗ್ರಾಣದಿಂದ ಬುತ್ತಿ ಕಟ್ಟಿಸ್ಕೊಳ್ಳೋದು ಇದೇ ಯೂರಿಕ್ಲಿಯಾ ಹತ್ತಿರ, ಆಗ ಅವಳು ‘ನಿಮ್ಮಪ್ಪನೂ ಹೀಗೇ ಹಠ ಮಾಡಿ ಹೋಗಿ ಕಾಲು ಸೀಳಿಸ್ಕೊಂಡು ಬಂದ’ ಅಂತ ಎರಡು ಮಾತು ಆಡಿದ್ರೆ ಬೀಜ ಬಿತ್ತಿದಂಗೆ. ಏಳನೇ ಎಪಿಸೋಡಿನಲ್ಲಿ ಸೀನ್ ಹೀಗಿರಬಹುದು:

ಒಳಗೆ – ಅರಮನೆ ಹಜಾರ – ರಾತ್ರಿ

ಒಲೆಯಲ್ಲಿ ಕೆಂಡ. ಭಿಕ್ಷುಕ ಪೀಠ ತಿರುಗಿಸಿಕೊಂಡು ಬೆಳಕಿಗೆ ಬೆನ್ನು ಹಾಕಿ ಕೂರ್ತಾನೆ. ಯೂರಿಕ್ಲಿಯಾ ಕಂಚಿನ ಬೋಗುಣಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹುಯ್ತಾಳೆ.

ಯೂರಿಕ್ಲಿಯಾ: ಎಷ್ಟೋ ಜನ ಪರದೇಶಿಗಳು ಬಂದು ಹೋದ್ರಪ್ಪ ಈ ಮನೆಗೆ. ಅವನ ಹೋಲಿಕೆ ಇಷ್ಟು ಇರೋರನ್ನ ನಾನು ಕಂಡಿಲ್ಲ. ಆ ದನಿ, ಈ ಪಾದ.

ಭಿಕ್ಷುಕ: ಇಬ್ಬರನ್ನೂ ನೋಡಿದೋರು ಹಾಗೇ ಅಂತಾರೆ, ಅವ್ವಾ.

ಅವಳ ಅಂಗೈ ಮಂಡಿ ಮೇಲಕ್ಕೆ ಸರಿದು ನಿಲ್ಲುತ್ತೆ. ಹಿಂದಕ್ಕೆ ಬಂದು ಮತ್ತೆ ಅಲ್ಲೇ ಹೋಗುತ್ತೆ. ಕಾಲು ಕೈಯಿಂದ ಜಾರಿ ಬೋಗುಣಿಗೆ ಬೀಳುತ್ತೆ. ಕಂಚಿನ ಸದ್ದು. ನೀರೆಲ್ಲಾ ನೆಲಕ್ಕೆ.

ಯೂರಿಕ್ಲಿಯಾ: ಕಂದಾ...

ಅವನ ಬಲಗೈ ಅವಳ ಗಂಟಲಿಗೆ. ಎಡಗೈ ಅವಳನ್ನ ಹತ್ತಿರಕ್ಕೆ ಎಳ್ಕೊಳ್ಳುತ್ತೆ.

ಭಿಕ್ಷುಕ: ಹಾಲು ಕೊಟ್ಟು ಸಾಕಿದೋಳು ನೀನು. ಈಗ ನೀನೇ ನನ್ನ ಕೊಲ್ಲಿಸ್ತೀಯಾ?

ಇಲ್ಲಿ ಗಂಟಲು ಹಿಡಿಯೋದನ್ನ ‘ಹೀರೋ ಹೀಗೆ ಮಾಡ್ಬಾರ್ದು’ ಅಂತ ಮೆತ್ತಗೆ ಮಾಡ್ಬೇಡಿ. ಬಾಯಿ ಬಿಟ್ರೆ ನಿನ್ನನ್ನೂ ಬಿಡಲ್ಲ ಅಂತ ಮೂಲದಲ್ಲಿ ಅವನು ಬೆದರಿಸ್ತಾನೆ, ಅವನ ಸ್ವಭಾವವೇ ಅದು. ಕೋಣೆಯ ಆ ಕಡೆ ಪೆನೆಲೊಪಿ ಕೂತಿರ್ತಾಳೆ, ಅವಳ ಗಮನವನ್ನ ಅಥೀನಾ ಬೇರೆ ಕಡೆ ತಿರುಗಿಸಿದ್ಲು ಅಂತ ಹೋಮರ ಹೇಳ್ತಾನೆ. ನೀವು ಅವಳ ಬೆನ್ನನ್ನ ಮಾತ್ರ ತೋರಿಸಿ ಬಿಟ್ರೆ, ಅವಳಿಗೆ ಸದ್ದು ಕೇಳಿಸ್ತೋ ಇಲ್ವೋ ಅನ್ನೋದು ನೋಡೋರ ತಲೆಗೆ ಬಿಟ್ಟಿದ್ದು.

7. ಡೈಲಾಗ್ ಭಾಷೆ

ಕಾವ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಮಾತೇ ಇದೆ, ಹಾಗಾಗಿ ವಸ್ತುವಿಗೆ ಬರ ಇಲ್ಲ. ತೊಂದರೆ ಧಾಟಿಯದ್ದು. ‘ಎಲೈ ಮಹಾರಾಣಿಯೇ’ ಅಂತ ಪೌರಾಣಿಕ ನಾಟಕದ ಕನ್ನಡ ಹಿಡಿದ್ರೆ ಎಲ್ಲರೂ ಒಂದೇ ಥರ ಗುಡುಗ್ತಾರೆ, ಬೆಂಗಳೂರು ಮಾತು ಹಿಡಿದ್ರೆ ವರಗಳು ಪಬ್‌ನಲ್ಲಿ ಕೂತಂಗೆ ಕಾಣ್ತಾರೆ. ಇಂಗ್ಲಿಷ್ ಪದ ಇಲ್ಲದ, ಊರಿನ ಗುರುತೂ ಅಂಟದ ಸರಳ ಮಾತು ಬರೀರಿ. ಕರ್ಮ, ಮೋಕ್ಷ, ನರಕ, ಪುನರ್ಜನ್ಮ ಈ ನಾಲ್ಕು ಪದಗಳನ್ನ ಮೊದ್ಲೇ ನಿಷೇಧ ಮಾಡ್ಬಿಡಿ. ಹೋಮರನ ಹೇಡೀಸ್, ಅಂದ್ರೆ ಸತ್ತೋರ ಲೋಕ, ಯಮಲೋಕ ಅಲ್ಲ. ಒಳ್ಳೇ ವೀರನಿಗೂ ಅಲ್ಲಿ ಸುಖ ಇಲ್ಲ. ಸತ್ತೋರಿಗೆಲ್ಲಾ ರಾಜನಾಗೋಕ್ಕಿಂತ ಭೂಮಿ ಮೇಲೆ ಬಡವನ ಹತ್ತಿರ ಕೂಲಿ ಮಾಡೋದೇ ವಾಸಿ ಅಂತ ಅಕಿಲೀಸ್ ಹೇಳೋದು ಅಲ್ಲೇ.

ಹೋಮರನಲ್ಲಿ ‘ಗುಲಾಬಿ ಬೆರಳಿನ ಉಷೆ’ ಥರ ಕೆಲವು ವಿಶೇಷಣಗಳು ಮತ್ತೆ ಮತ್ತೆ ಬರ್ತವೆ, ಬಾಯಿಪಾಠದ ಹಾಡುಗಾರರಿಗೆ ಅದು ಆಸರೆ. ಅದನ್ನ ಮಾತಲ್ಲಿ ತರ್ಬೇಡಿ, ಶಾಟ್‌ನಲ್ಲಿ ತನ್ನಿ: ಪ್ರತಿ ಬೆಳಗಾದಾಗಲೂ ಒಂದೇ ಫ್ರೇಮ್.

8. ಸೆಟ್ಟು, ಬಟ್ಟೆ, ಪ್ರಾಣಿ

ಬಿಳಿ ಅಮೃತಶಿಲೆಯ ಕಂಬಗಳು ಬೇಡ. ಅಥೆನ್ಸ್‌ನ ಪಾರ್ಥೆನಾನ್ ಕಟ್ಟೋಕೆ ಶುರು ಮಾಡಿದ್ದೇ ಕ್ರಿ.ಪೂ. 447ರಲ್ಲಿ, ಕಾವ್ಯ ಅದಕ್ಕಿಂತ ಹಳೇದು, ಕಾವ್ಯ ನೆನಪಿಸ್ಕೊಳ್ಳೋ ಕಾಲ ಇನ್ನೂ ಹಳೇದು. ನೋಡ್ಬೇಕಾಗಿರೋದು ಪೈಲೊಸ್‌ನಲ್ಲಿ ಕಾರ್ಲ್ ಬ್ಲೆಗೆನ್ 1939ರಿಂದ ಅಗೆದು ತೆಗೆದ ಅರಮನೆ: ನಡುಮನೆಯಲ್ಲಿ ದೊಡ್ಡ ದುಂಡನೆ ಒಲೆ, ಬಣ್ಣ ಬಳಿದ ಗೋಡೆ, ಸುಟ್ಟ ಮಣ್ಣಿನ ಸ್ನಾನದ ತೊಟ್ಟಿ. ಮೂರನೇ ಸರ್ಗದಲ್ಲಿ ಟೆಲಿಮಾಕಸ್ ಸ್ನಾನ ಮಾಡೋದೂ ಪೈಲೊಸ್‌ನಲ್ಲೇ. ನಾಣ್ಯ ತೋರಿಸ್ಬೇಡಿ, ಆಗ ಇರ್ಲಿಲ್ಲ.

ಸೈರನ್ ಅಂದ್ರೆ ಮತ್ಸ್ಯಕನ್ಯೆ ಅಂತ ಬರೆಯೋರು ತುಂಬಾ ಜನ. ಹೋಮರ ಅವರ ರೂಪವನ್ನೇ ಹೇಳಲ್ಲ, ಹಳೇ ಗ್ರೀಕ್ ಕುಂಡಗಳ ಚಿತ್ರದಲ್ಲಿ ಅವರು ಹೆಣ್ಣಿನ ತಲೆಯ ಹಕ್ಕಿಗಳು. ದನಿ ಮಾತ್ರ ಕೇಳಿಸಿ.

ಶೂಟಿಂಗ್ ಇಂಡಿಯಾದಲ್ಲಿ ಅಂದ್ರೆ ಕುರಿ, ನಾಯಿ ಏನೇ ಬಳಸಿದ್ರೂ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗ್‌ಗೆ ಮೊದಲೇ ತಗೋಬೇಕು. ಸೈಕ್ಲೋಪ್ಸ್ ಗುಹೆಯಿಂದ ಕುರಿ ಹೊಟ್ಟೆ ಕೆಳಗೆ ತೂಗಾಡ್ಕೊಂಡು ಪಾರಾಗೋ ಸೀನ್ ಬರೆಯುವಾಗ ಇದು ನೆನಪಿರ್ಲಿ.

9. ಬಿಟ್ಟುಬಿಡೋಕೆ ಆಸೆ ಆಗೋ ಜಾಗಗಳು

ಮೂರು ಇವೆ, ಮೂರನ್ನೂ ಬಿಡ್ಬೇಡಿ.

ಕ್ಯಾಲಿಪ್ಸೊ ಜೊತೆಗಿನದು ಪ್ರೇಮಕಥೆ ಅಲ್ಲ. ರಾತ್ರಿ ಇಷ್ಟ ಇಲ್ಲದೇ ಅವಳ ಜೊತೆ, ಹಗಲು ದಡದಲ್ಲಿ ಅಳು ಅಂತ ಕಾವ್ಯ ಸ್ಪಷ್ಟವಾಗಿ ಹೇಳುತ್ತೆ. ರೊಮ್ಯಾಂಟಿಕ್ ಸಾಂಗ್ ಹಾಕೋ ಜಾಗ ಅದಲ್ಲ.

ಎರಡನೇದು ಪೆನೆಲೊಪಿಯನ್ನ ಅಳುಮುಂಜಿ ಮಾಡೋದು. ಬಿಲ್ಲಿನ ಸ್ಪರ್ಧೆ ಇಡೋದು ಅವಳು. ಕೊನೆಗೆ ಗಂಡನನ್ನೇ ಪರೀಕ್ಷೆ ಮಾಡೋದೂ ಅವಳೇ: ಮಂಚ ಹೊರಗೆ ಹಾಕಿ ಅಂತ ಆಳಿಗೆ ಹೇಳ್ತಾಳೆ, ಬೇರು ಬಿಟ್ಟ ಆಲಿವ್ ಮರದ ಬೊಡ್ಡೆಯನ್ನೇ ಕಾಲು ಮಾಡಿ ಕಟ್ಟಿದ ಮಂಚ ಅದು, ಅಲ್ಲಾಡಿಸೋಕಾಗಲ್ಲ ಅನ್ನೋ ಗುಟ್ಟು ಗೊತ್ತಿರೋನು ಸಿಟ್ಟಾಗಲೇಬೇಕು. ಇಡೀ ಕಾವ್ಯದಲ್ಲಿ ಒಡಿಸಿಯಸ್‌ಗೆ ಟೋಪಿ ಹಾಕಿದ ಮನುಷ್ಯರು ಯಾರಾದ್ರೂ ಇದ್ರೆ ಇವಳೇ.

ಮೂರನೇದು ಹನ್ನೆರಡು ಆಳು ಹೆಣ್ಣುಮಕ್ಕಳು. ವರಗಳ ಜೊತೆ ಮಲಗಿದ್ರು ಅಂತ ಅವರ ಕೈಲೇ ಹಜಾರದ ರಕ್ತ ತೊಳೆಸಿ, ಆಮೇಲೆ ನೇಣು ಹಾಕ್ತಾರೆ. ಒಡಿಸಿಯಸ್ ಹೇಳಿದ್ದು ಕತ್ತಿಯಿಂದ ಕೊಲ್ಲು ಅಂತ. ಅಷ್ಟು ಒಳ್ಳೆ ಸಾವು ಇವರಿಗೆ ಬೇಡ ಅಂತ ಹಗ್ಗ ಕಟ್ಟೋನು ಟೆಲಿಮಾಕಸ್, ನೀವು ಎಂಟು ಎಪಿಸೋಡ್ ಪ್ರೀತಿಯಿಂದ ಬೆಳೆಸಿದ ಹುಡುಗ. ಈ ಸೀನ್ ತೆಗೆದ್ರೆ ಚಪ್ಪಾಳೆಗೆ ತೊಂದರೆ ಇಲ್ಲ, ಆದ್ರೆ ಅವನು ಅಪ್ಪನಿಂದ ಏನು ಕಲಿತ ಅನ್ನೋದೇ ಕಾಣೆಯಾಗುತ್ತೆ. ಒಂದು ಉಪಾಯ: ಮೊದಲ ಎಪಿಸೋಡಿನಿಂದಲೇ ಆ ಹುಡುಗಿಯರಲ್ಲಿ ಇಬ್ಬರಿಗೆ ಮುಖ, ಮಾತು ಕೊಡಿ. ಒಬ್ಬಳ ಹೆಸರು ಕಾವ್ಯದಲ್ಲೇ ಇದೆ, ಮೆಲಾಂಥೊ, ಪೆನೆಲೊಪಿ ಅವಳನ್ನ ಮಗಳ ಥರ ಆಟದ ಸಾಮಾನು ಕೊಟ್ಟು ಸಾಕಿರ್ತಾಳೆ.

10. ಪೇಪರ್ ಕೆಲಸ

ಮಾರೋಕೆ ಹೋಗೋ ಮುಂಚೆ ಒಂದು ಸೀರೀಸ್ ಬೈಬಲ್ ಬೇಕು, ಅಂದ್ರೆ ಕಥೆ, ಪಾತ್ರ, ಎಪಿಸೋಡ್ ಹಂಚಿಕೆ, ಧಾಟಿ ಎಲ್ಲಾ ಇರೋ ಹತ್ತು ಹದಿನೈದು ಪುಟದ ದಾಖಲೆ. ಜೊತೆಗೆ ಮೊದಲ ಎಪಿಸೋಡಿನ ಪೂರ್ತಿ ಸ್ಕ್ರಿಪ್ಟ್. ಒಂದು ಪುಟ ಸುಮಾರು ಒಂದು ನಿಮಿಷ ಅನ್ನೋ ಲೆಕ್ಕದಲ್ಲಿ 50 ಪುಟ ದಾಟಬಾರದು. ಯಾರಿಗಾದ್ರೂ ಕಳಿಸೋ ಮೊದಲು ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರಾಗಿ ಆನ್‌ಲೈನ್‌ನಲ್ಲೇ ರಿಜಿಸ್ಟರ್ ಮಾಡಿಸಿ, ಅಥವಾ ಕಾಪಿರೈಟ್ ಆಫೀಸಿನಲ್ಲಿ. ನೆನಪಿಡಿ, ಹೋಮರನ ಕಥೆ ನಿಮ್ಮದು ಅಂತ ಯಾರೂ ಬರೆದುಕೊಡಲ್ಲ, ರಕ್ಷಣೆ ಸಿಗೋದು ನೀವು ಬರೆದ ಸೀನ್‌ಗಳಿಗೆ, ಮಾತುಗಳಿಗೆ, ಜೋಡಣೆಗೆ. ಹಾಗಾಗಿ ಬರೀ ಐಡಿಯಾವನ್ನ ಕಾಫಿ ಕುಡೀತಾ ಹೇಳ್ಬೇಡಿ, ಬರೆದ ಪುಟ ಕೈಯಲ್ಲಿ ಇಟ್ಕೊಂಡು ಹೋಗಿ. ಕಳಿಸುವಾಗ ಈಮೇಲ್‌ನಲ್ಲಿ ಪಿಡಿಎಫ್ ಮಾತ್ರ, ಎಡಿಟ್ ಮಾಡೋಕಾಗೋ ಫೈಲ್ ಬೇಡ, ಪ್ರತಿ ಪುಟದಲ್ಲೂ ಡ್ರಾಫ್ಟ್ ನಂಬರ್ ಮತ್ತೆ ತಾರೀಖು ಇರ್ಲಿ.